ಅಣ್ಣನ ಮಷಿನ್ನೂ ನನ್ನ 20 ಅಂಕವೂ

ರಾತ್ರಿ ಹತ್ತು ಗಂಟೆ ಮೇಲೆ ಅಣ್ಣ ಫೋನ್ ಮಾಡಿದ ಅಂದ್ರೆ ಒಂದೋ ಅಮ್ಮನಿಗೆ ಹುಷಾರಿಲ್ಲ, ಇಲ್ಲಾ ಮಷಿನ್‌ಗೆ ಹುಷಾರಿಲ್ಲ. ಹೋದ ಗುರುವಾರ ಮಷಿನ್ ಸರದಿ.

“ರೇಡಿಯೇಟರ್ ಸೋರ್ತಾ ಇದೆ ಕಣೇ. ದೊಡ್ಡದೇನಲ್ಲ. ನೀನು ಇಂಜಿನಿಯರಿಂಗ್‌ನಲ್ಲಿ ಇದೆಲ್ಲ ಓದಿದ್ದೀಯಲ್ಲ, ಅದಕ್ಕೇ ಸುಮ್ನೆ ಕೇಳ್ದೆ.”

ಓದಿದ್ದು ನಿಜ. ಹೀಟ್ ಎಕ್ಸ್‌ಚೇಂಜರ್ ಲೆಕ್ಕ ಅಂದ್ರೆ ನನಗೆ ಕಣ್ಮುಚ್ಚಿ 20 ಅಂಕ. ಆದರೆ ಡಿಗ್ರಿ ಮುಗಿದ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಬಂದೆ. ಆರು ವರ್ಷದಲ್ಲಿ ಕೈಯಲ್ಲಿ ಸ್ಪ್ಯಾನರ್ ಹಿಡಿದಿದ್ದು ಒಂದೇ ಸಲ, ಪಿಜಿಯಲ್ಲಿ ಗ್ಯಾಸ್ ರೆಗ್ಯುಲೇಟರ್ ಸಿಕ್ಕಿಕೊಂಡಾಗ.

ನಮ್ಮೂರು ಕಡೂರು ಕಡೆ. ಅಲ್ಲಿ ಮಣ್ಣೆತ್ತುವ ಹಳದಿ ಯಂತ್ರ ಯಾವುದೇ ಕಂಪನಿಯದ್ದಾಗಲಿ, ಅದರ ಹೆಸರು ಜೆಸಿಬಿ. ನಮ್ಮದು ಬೇರೆ ಕಂಪನಿಯದ್ದು, ಸೆಕೆಂಡ್ ಹ್ಯಾಂಡು. ಆದರೂ ಊರಿನ ಬಾಯಲ್ಲಿ ಅಣ್ಣ ‘ಜೆಸಿಬಿ ಅಣ್ಣ’. ಅಪ್ಪ ಹೋದ ವರ್ಷ ಪಿಯುಸಿ ಬಿಟ್ಟು ಬೇರೆಯವರ ಮಷಿನ್ ಓಡಿಸೋಕೆ ಹೋದವನು, ನನ್ನ ನಾಲ್ಕು ವರ್ಷದ ಫೀಸು ಕಟ್ಟಿ, ಆಮೇಲೆ ಸಾಲ ಮಾಡಿ ಇದನ್ನು ತಗೊಂಡ. ತಿಂಗಳ ಐದನೇ ತಾರೀಕು ಕಂತು. ಸೋಮವಾರದಿಂದ ಪಕ್ಕದ ಊರಿನ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯೋ ಕೆಲಸ ಒಪ್ಪಿಕೊಂಡಿದ್ದ. ಪೇಟೆಯ ರೇಡಿಯೇಟರ್ ಅಂಗಡಿಯಲ್ಲಿ ಕೇಳಿದ್ರೆ, “ಬಿಟ್ಟು ಹೋಗಿ, ಬುಧವಾರ ನೋಡೋಣ” ಅಂದರಂತೆ. ಬುಧವಾರದ ತನಕ ತೋಟದವರು ಕಾಯಲ್ಲ. ಬೇರೆ ಮಷಿನ್ ಕರೀತಾರೆ.

ಶುಕ್ರವಾರ ರಾತ್ರಿ ಟ್ರೇನ್ ಹತ್ತಿದೆ.

*

ಶನಿವಾರ ಬೆಳಗ್ಗೆ ಬೀರೂರಲ್ಲಿ ಇಳಿದಾಗ ಅಣ್ಣ ಬೈಕ್ ತಂದಿದ್ದ. ಬೇಸಿಗೆಯಲ್ಲಿ ಫುಲ್ ತೋಳಿನ ಶರ್ಟು, ಗುಂಡಿ ಮಣಿಕಟ್ಟಿನವರೆಗೆ. “ಏನೋ ಇದು, ಮದುವೆಗೆ ಹೊರಟಿದ್ದೀಯಾ?” ಅಂತ ನಕ್ಕೆ. “ಬಿಸಿಲು ಕಣೇ” ಅಂದ. ನಾನೂ ಬಿಟ್ಟೆ.

ಮಷಿನ್ ಮನೆ ಹಿಂದಿನ ಕಣದಲ್ಲಿ ನಿಂತಿತ್ತು. ಮುಂದಿನ ಬಕೆಟ್ಟೂ ಹಿಂದಿನ ಬಕೆಟ್ಟೂ ನೆಲಕ್ಕೆ ಊರಿತ್ತು. ಇದು ಮೊದಲ ಪಾಠ: ಎತ್ತಿ ನಿಲ್ಲಿಸಿದ ತೋಳಿನ ಕೆಳಗೆ ಯಾರೂ ತಲೆ ಹಾಕಬಾರದು. ಒಂದು ಹೈಡ್ರಾಲಿಕ್ ಪೈಪು ಕಿತ್ತರೆ ಆ ಭಾರ ಹೇಳದೆ ಕೇಳದೆ ಇಳಿಯುತ್ತೆ. ಬ್ರೇಕ್ ಹಾಕಿ, ಕೀ ಜೇಬಿಗೆ ಹಾಕಿಕೊಂಡು, ಬ್ಯಾಟರಿಯ ಮೈನಸ್ ವೈರು ಬಿಚ್ಚಿದ ಮೇಲೇ ಬಾನೆಟ್ ತೆಗೆದೆವು.

ಸೋರೋದು ಎಲ್ಲಿ ಅಂತ ಹುಡುಕೋದು ಹೆಂಚಿನ ಮನೆಯಲ್ಲಿ ಮಳೆ ಹನಿ ಹುಡುಕಿದ ಹಾಗೆ. ಹನಿ ಬೀಳೋ ಜಾಗ ಬೇರೆ, ಹೆಂಚು ಒಡೆದ ಜಾಗ ಬೇರೆ. ಅಣ್ಣ ಕೆಳಗಿನ ಮೂಲೆ ತೋರಿಸಿ, “ಇಲ್ಲೇ ತೊಟ್ಟಿಕ್ಕೋದು” ಅಂದ. ಮೊದಲು ಮೆತ್ತಿಕೊಂಡ ಮಣ್ಣು, ಹೊಟ್ಟು ತೊಳೆದೆವು. ಈ ಮಷಿನ್‌ನಲ್ಲಿ ಫ್ಯಾನು ಮುಂದಿನಿಂದ ಗಾಳಿ ಎಳೆದು ಇಂಜಿನ್ ಕಡೆ ಬಿಡುತ್ತೆ, ಆದ್ದರಿಂದ ನೀರನ್ನು ಇಂಜಿನ್ ಕಡೆಯಿಂದ ಹೊರಗೆ ಬಿಡಬೇಕು. ಇಲ್ಲವಾದ್ರೆ ಕಸ ಇನ್ನೂ ಒಳಕ್ಕೆ ಹೋಗಿ ಕೂರುತ್ತೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹೊಡೆದ್ರೆ ತೆಳು ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿ ದಾರಿಯೇ ಮುಚ್ಚಿಹೋಗುತ್ತೆ. ತೋಟದ ಪೈಪಿನ ನೀರು ಸಾಕು.

ಒಣಗಿದ ಮೇಲೆ ಕಂಡಿತು. ಮೇಲಿನ ಟ್ಯಾಂಕು ಕೊಳವೆಗಳಿಗೆ ಸೇರೋ ಎಡಮೂಲೆಯಲ್ಲಿ ಬಿಳಿ-ಹಸಿರು ಹಕ್ಕಳೆ. ನೀರು ಅಲ್ಲಿಂದ ಹೊರಟು, ರೆಕ್ಕೆ ಹಿಡಿದುಕೊಂಡು ಇಳಿದು, ಕೆಳಗೆ ಹನಿಯಾಗ್ತಾ ಇತ್ತು.

ಅಣ್ಣನ ಅದೃಷ್ಟ ಅಂದ್ರೆ ಇದು ಹಳೇ ಕಾಲದ ತಾಮ್ರ-ಹಿತ್ತಾಳೆ ರೇಡಿಯೇಟರ್. ಈಗಿನ ಹಲವು ಗಾಡಿಗಳಲ್ಲಿ ಅಲ್ಯೂಮಿನಿಯಂ ಕೊಳವೆ, ಪ್ಲಾಸ್ಟಿಕ್ ಟ್ಯಾಂಕು ಇರುತ್ತೆ. ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕೋಕೆ ಆಗಲ್ಲ. ಅಂಟು ಹಚ್ಚಿ ಹೇಗೋ ಅಂಗಡಿ ತನಕ ಓಡಿಸಬಹುದು, ಅಷ್ಟೇ. ನಿಮ್ಮದು ಯಾವುದು ಅಂತ ನೋಡಿಕೊಂಡೇ ಸ್ಪ್ಯಾನರ್ ಎತ್ತಿ.

*

ಕೆಳಗಿನ ನಲ್ಲಿ ತಿರುಗಿಸಿ ಒಳಗಿದ್ದ ನೀರನ್ನು ಅಗಲ ಟಬ್ಬಿಗೆ ಬಿಟ್ಟೆವು. ಬಂದ ನೀರು ಅರಿಶಿನ ಶಾಸ್ತ್ರದ ನೀರಿನ ಹಾಗಿತ್ತು.

“ಏನೋ ಇದು?”

“ಅರಿಶಿನದ ಪುಡಿ. ಲಾರಿಯವರೆಲ್ಲ ಹಾಕ್ತಾರೆ. ಎರಡು ದಿನ ನಿಂತಿತ್ತು ಗೊತ್ತಾ?”

ನಿಲ್ಲುತ್ತೆ, ಸುಳ್ಳಲ್ಲ. ಪುಡಿ ಊದಿಕೊಂಡು ಸಣ್ಣ ತೂತಿಗೆ ಕೂರುತ್ತೆ. ಆದರೆ ಅದಕ್ಕೆ ಯಾವುದು ತೂತು, ಯಾವುದು ದಾರಿ ಅಂತ ಗೊತ್ತಾಗಲ್ಲವಲ್ಲ. ನೀರು ಹರಿಯಬೇಕಾದ ಸಣ್ಣ ಕೊಳವೆಗಳಲ್ಲೂ ಕೂರುತ್ತೆ. ಸೋರಿಕೆ ನಿಂತಿತು ಅಂತ ಖುಷಿಪಡೋ ಹೊತ್ತಿಗೆ ಇಂಜಿನ್ ಬಿಸಿಯಾಗೋಕೆ ಶುರುವಾಗುತ್ತೆ. ನಡುದಾರಿಯಲ್ಲಿ ಸಿಕ್ಕಿಕೊಂಡಾಗ ಮನೆ ಸೇರೋಕೆ ಸರಿ, ದಿನಾ ಓಡಿಸೋಕಲ್ಲ.

ನಾವು ಹೀಗೆ ವಾದ ಮಾಡ್ತಿರುವಾಗ ಮನೆ ನಾಯಿ ಕರಿಯ ಬಂದು ಟಬ್ಬಿಗೆ ಮೂಗು ಇಟ್ಟಿತು. ನಾನು ಕೂಗಿದ ರಭಸಕ್ಕೆ ಅಮ್ಮ ಅಡುಗೆಮನೆಯಿಂದ ಓಡಿಬಂದಳು.

ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರೋದು ಇಥಿಲೀನ್ ಗ್ಲೈಕಾಲ್. ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕಿಬಿಡುತ್ತವೆ. ಮೈಯೊಳಗೆ ಹೋದ ಮೇಲೆ ಅದರಿಂದ ಹುಟ್ಟೋ ಹರಳು ಕಿಡ್ನಿಯನ್ನು ಹಾಳು ಮಾಡುತ್ತೆ. ಸ್ವಲ್ಪವೇ ಸಾಕು, ಪ್ರಾಣ ಹೋಗೋಕೆ. ಮಕ್ಕಳಿಗೂ ಅಷ್ಟೇ ಅಪಾಯ. ಇದನ್ನೆಲ್ಲ ನಾನು ಹೇಳ್ತಿದ್ರೆ ಅಣ್ಣನ ಮುಖ ಸಣ್ಣದಾಯ್ತು. ಸೋರೋ ನೀರು ಇಷ್ಟು ದಿನ ಕಣದ ಹಳ್ಳಕ್ಕೇ ಹರೀತಿತ್ತು. ತೂತು ಪರೀಕ್ಷೆ ಮಾಡೋಕೆ ರೇಡಿಯೇಟರ್ ಅನ್ನು ಕೊಟ್ಟಿಗೆ ಪಕ್ಕದ ಕಲ್ಲುಬಾನಿಯಲ್ಲಿ ಮುಳುಗಿಸೋದು ಅಂತ ಬೇರೆ ಯೋಚನೆ ಮಾಡಿದ್ದ.

“ದನ ನೀರು ಕುಡಿಯೋ ಬಾನಿಯಲ್ಲಾ?” ಅಂದಳು ಅಮ್ಮ. ಅಷ್ಟೇ ಅಂದಿದ್ದು. ಅಣ್ಣ ಮಾತಾಡದೆ ಹೋಗಿ ಹಳೇ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಕೊಂಡು ಬಂದ. ಟಬ್ಬಿನ ನೀರನ್ನು ಕ್ಯಾನಿಗೆ ಸುರಿದು, ಮುಚ್ಚಳ ಬಿಗಿದು, ಮೇಲೆ ‘ವಿಷ’ ಅಂತ ಬರೆದು ಎತ್ತಿಟ್ಟೆವು. ಗ್ಯಾರೇಜಿಗೆ ಕೊಡೋಕೆ. ಚರಂಡಿಗಲ್ಲ, ತೋಟಕ್ಕಲ್ಲ.

*

ಹೋಸ್‌ಗಳು ಕಚ್ಚಿಕೊಂಡಿದ್ದವು. ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಹಿತ್ತಾಳೆಯ ಮೂತಿಯೇ ಸೀಳುತ್ತೆ. ಕ್ಲಿಪ್ ಸಡಿಲ ಮಾಡಿ, ಹೋಸನ್ನು ಹಿಂದೆ ಮುಂದೆ ತಿರುಚಿದ್ರೆ ಬಿಡುತ್ತೆ. ಫ್ಯಾನಿನ ಸುತ್ತ ಇರೋ ತಗಡಿನ ಬಳೆ ಬಿಚ್ಚಿದೆವು. ಮುಂದಿದ್ದ ಆಯಿಲ್ ಕೂಲರ್‌ನ ಪೈಪು ಮುಟ್ಟದೆ ಪಕ್ಕಕ್ಕೆ ಸರಿಸಿ ಕಟ್ಟಿದೆವು. ಕೊನೆಗೆ ಕೆಳಗಿನ ಬೋಲ್ಟು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ರೆಕ್ಕೆಗಳು ಬ್ಲೇಡಿನ ಹಾಗೆ.

ಇಬ್ಬರೂ ಸೇರಿ ಎತ್ತಿ ಇಳಿಸಿದಾಗ ನಿಜವಾದ ಕಾರಣ ಸಿಕ್ಕಿತು. ರೇಡಿಯೇಟರ್ ಕೂರೋ ಜಾಗದ ರಬ್ಬರ್ ಬುಷ್‌ಗಳಲ್ಲಿ ಎರಡು ಸವೆದು ಹಪ್ಪಳ ಆಗಿದ್ದವು. ಬಂಡೆ ಕೀಳುವಾಗಿನ ಅದುರು ಎಲ್ಲ ನೇರ ಆ ಬೆಸುಗೆಗೇ ಹೋಗ್ತಿತ್ತು. ಬರೀ ತೂತು ಮುಚ್ಚಿ ಕೂರಿಸಿದ್ದರೆ ತಿಂಗಳಲ್ಲಿ ಮತ್ತೆ ಅಲ್ಲೇ ಬಿಡ್ತಿತ್ತು. ನನ್ನ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಕಂಡ ಜಾಗ ಬೇರೆ, ಬಗ್ ಇದ್ದ ಜಾಗ ಬೇರೆ.

ಆಗಲೇ ಬೆವರು ಕಣ್ಣಿಗಿಳಿದು ಅಣ್ಣ ಮರೆತು ತೋಳು ಮಡಚಿದ.

ಬಲಗೈಯ ಮಣಿಕಟ್ಟಿನಿಂದ ಮೊಣಕೈ ತನಕ ಹೊಸ ಚರ್ಮ. ಕೆಲವು ಕಡೆ ಗುಲಾಬಿ, ಕೆಲವು ಕಡೆ ಇನ್ನೂ ಹಸಿ.

“ಏನಿದು?”

“ಏನಿಲ್ಲ ಕಣೇ. ಎರಡು ವಾರ ಆಯ್ತು. ಮೀಟರ್ ಕೆಂಪಿಗೆ ಹೋಯ್ತು, ಹೊಲದವರು ಬೇಗ ಮುಗಿಸು ಅಂತಿದ್ರು. ಕ್ಯಾಪ್ ತೆಗೆದೆ.”

“ಬಿಸಿ ಇದ್ದಾಗಲೇ?”

“ಬಟ್ಟೆ ಹಾಕಿಕೊಂಡೇ ತೆಗೆದೆ.”

ನನಗೆ ಸಿಟ್ಟು ಬಂದಿದ್ದು ಕ್ಯಾಪಿಗಲ್ಲ. “ಎರಡು ವಾರದಲ್ಲಿ ಎಷ್ಟು ಸಲ ಫೋನ್ ಮಾಡಿದ್ದೀನಿ? ಒಂದು ಮಾತು ಹೇಳೋಕಾಗಲಿಲ್ಲವಾ?”

“ಹೇಳಿದ್ರೆ ಏನ್ ಮಾಡ್ತಿದ್ದೆ? ದುಡ್ಡು ಕಳಿಸ್ತಿದ್ದೆ. ಅಷ್ಟೇ ತಾನೇ?”

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ರೆ ಜಗಳ ಆಡಬಹುದಿತ್ತು. ಅವನು ಸುಮ್ಮನೆ ಲೆಕ್ಕ ಹೇಳಿದ್ದ, ಲೆಕ್ಕ ಸರಿ ಇತ್ತು. ನಾನು ಬೋಲ್ಟುಗಳನ್ನು ಆರಿಸಿ ಡಬ್ಬಿಗೆ ಹಾಕೋಕೆ ಶುರು ಮಾಡಿದೆ.

ಆ ಕ್ಯಾಪಿನ ವಿಷಯ ನಿಮಗೂ ಹೇಳಿಬಿಡ್ತೀನಿ. ಕಾರಿರಲಿ, ಟ್ರ್ಯಾಕ್ಟರ್ ಇರಲಿ, ಇದೇ ಕಥೆ. ರೇಡಿಯೇಟರ್ ಒಂದು ಕುಕ್ಕರ್. ಕ್ಯಾಪಿನ ಒಳಗಿನ ಸ್ಪ್ರಿಂಗು ಸುಮಾರು 1 ಬಾರ್ ಒತ್ತಡ ಹಿಡಿದಿರುತ್ತೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯಲ್ಲ, 120ರ ಹತ್ತಿರ ಹೋಗಬೇಕು. 110 ಡಿಗ್ರಿಯ ನೀರು ಒಳಗೆ ಸುಮ್ಮನೆ ಕೂತಿರುತ್ತೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಯ್ತು, ಅಷ್ಟೂ ನೀರು ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತೆ. ಬಟ್ಟೆ ಅದನ್ನು ತಡೆಯಲ್ಲ. ಇಂಜಿನ್ ಆರಿಸಿ, ಕೈ ಇಟ್ಟರೆ ತಣ್ಣಗನ್ನಿಸೋ ತನಕ ಕಾಯಬೇಕು. ಆಮೇಲೂ ದಪ್ಪ ಬಟ್ಟೆ ಹಿಡಿದು, ಮುಖ ಪಕ್ಕಕ್ಕಿಟ್ಟು, ಅರ್ಧ ತಿರುಗಿಸಿ, ‘ಸುಸ್’ ಅನ್ನೋದು ಪೂರ್ತಿ ನಿಂತ ಮೇಲೆ ತೆಗೆಯಬೇಕು.

ಸುಟ್ಟರೆ ಅಣ್ಣ ಮಾಡಿದ ಹಾಗೆ ಟೂತ್‌ಪೇಸ್ಟ್ ಹಚ್ಚಬೇಡಿ. 20 ನಿಮಿಷ ತಣ್ಣನೆ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಐಸ್ ಬೇಡ, ಗುಳ್ಳೆ ಒಡೆಯೋದು ಬೇಡ. ಅಂಗೈಗಿಂತ ದೊಡ್ಡ ಗಾಯ ಆದ್ರೆ ಆಸ್ಪತ್ರೆ.

*

ಮಧ್ಯಾಹ್ನ ಊಟ ಆದ ಮೇಲೆ ಪರೀಕ್ಷೆ. ಒಳಗೆ ನಾಲ್ಕೈದು ಸಲ ನೀರು ಹಾಯಿಸಿ ಅರಿಶಿನ ಇಳಿಸಿದೆವು. ಹಳೇ ಹೋಸ್ ತುಂಡುಗಳಿಗೆ ಮರದ ಬಿರಡೆ ಹೊಡೆದು ಎರಡು ಮೂತಿಗೂ ಕ್ಲಿಪ್ ಬಿಗಿದ ಅಣ್ಣ. ಒಂದು ಬಿರಡೆಗೆ ತೂತು ಕೊರೆದು ಪಂಕ್ಚರ್ ಟ್ಯೂಬಿನ ವಾಲ್ವ್ ಕೂರಿಸಿದ. ಇದು ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

“ಪಂಕ್ಚರ್ ಅಂಗಡಿ ಕಂಪ್ರೆಸರ್ ತರಲಾ?” ಅಂದ. ಬೇಡ ಅಂದೆ. ಅದರ ಟ್ಯಾಂಕಿನಲ್ಲಿ 7-8 ಬಾರ್ ಗಾಳಿ ಇರುತ್ತೆ, ನಮ್ಮ ರೇಡಿಯೇಟರ್ ತಾಳೋದು ಹೆಚ್ಚೆಂದರೆ 1 ಬಾರ್ ಚಿಲ್ಲರೆ. ಒಂದು ಸಲ ಟ್ರಿಗರ್ ಒತ್ತಿದ್ರೆ ಇರೋ ಬೆಸುಗೆಯೂ ಬಿಡುತ್ತೆ. ಮೀಟರ್ ಇರೋ ಕಾಲು ಪಂಪಿನಲ್ಲಿ 10 ಪಿಎಸ್‌ಐ ತನಕ ತುಳಿದೆವು. ಡ್ರಮ್ಮಿನ ನೀರಲ್ಲಿ ಒಂದೊಂದು ಬದಿ ಮುಳುಗಿಸಿದ್ರೆ ಎಡಮೂಲೆಯಲ್ಲಿ ಗುಳುಗುಳು. ಸರಿ, ಅದು ಗೊತ್ತಿದ್ದದ್ದೇ. ಅಷ್ಟಕ್ಕೇ ಎತ್ತಬೇಕು ಅಂತಿದ್ದಾಗ ನಡುವಿನ ಹೊರಸಾಲಿನ ಕೊಳವೆಯಿಂದ ಸಾಸಿವೆ ಗಾತ್ರದ ಗುಳ್ಳೆಗಳ ಇನ್ನೊಂದು ಸಾಲು. ಅಲ್ಲಿಗೆ ತಂತಿ ಕಟ್ಟಿ ಗುರುತು ಮಾಡಿದೆವು.

ಭಾನುವಾರ ಬೆಳಗ್ಗೆ ಅಣ್ಣ ಪೇಟೆಗೆ ಹೋಗಿ ರಬ್ಬರ್ ಬುಷ್, ಹೊಸ ಕ್ಯಾಪು, ಕ್ಲಿಪ್ಪು, 60/40 ಸಾಲ್ಡರ್, ಫ್ಲಕ್ಸ್, ಕೂಲಂಟ್ ತಂದ. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ, ಅದರಲ್ಲಿ ಹೆಚ್ಚು ಪಾಲು ಕೂಲಂಟ್‌ಗೇ.

ಬೆಸುಗೆಗೆ ಕೂರುವ ಮೊದಲು ಒಳಗಿನ ನೀರು ಪೂರ್ತಿ ಬಸಿದು, ಬಿರಡೆ, ಕ್ಯಾಪು ಎಲ್ಲ ತೆಗೆದಿಟ್ಟೆವು. ಮುಚ್ಚಿದ ಪಾತ್ರೆಗೆ ಬೆಂಕಿ ಹಿಡಿದ್ರೆ ಒಳಗಿನ ಆವಿಯೇ ಸಿಡಿಸುತ್ತೆ. ಅಣ್ಣ ಗ್ಯಾಸ್ ಟಾರ್ಚ್ ಹಿಡಿದ, ನಾನು ಸಾಲ್ಡರ್ ತಂತಿ ಕೊಟ್ಟೆ. ಕರಗಿದ ಸಾಲ್ಡರ್ ಕಮಲದೆಲೆ ಮೇಲಿನ ನೀರಿನ ಹಾಗೆ ಉಂಡೆಯಾಗಿ ಉರುಳಿ ಹೋಯ್ತು. ಇನ್ನೊಮ್ಮೆ. ಮತ್ತೆ ಉರುಳಿತು. ಬಿಸಿ ಸಾಲದು ಅಂತ ಅಣ್ಣ, ಜಾಸ್ತಿ ಆಯ್ತು ಅಂತ ನಾನು.

ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸ್ತಿದ್ದ ಅಮ್ಮ ಅಂದಳು: “ಕಲಾಯಿ ಹಾಕೋನು ಮೊದಲು ಏನು ಮಾಡ್ತಿದ್ದ? ಪಾತ್ರೆ ತಿಕ್ಕಿ ತಿಕ್ಕಿ ಒಳಗೆ ಫಳಫಳ ಅನ್ನಿಸ್ತಿದ್ದ. ಆಮೇಲೆ ನವಸಾಗರ ಹಾಕ್ತಿದ್ದ, ಆಮೇಲೆ ತವರ. ನೀವು ಕಿಲುಬಿನ ಮೇಲೆ ಹಾಕ್ತಿದ್ದೀರಲ್ಲ.”

ಇಬ್ಬರೂ ಮುಖ ಮುಖ ನೋಡಿಕೊಂಡೆವು. ನವಸಾಗರ ಅಂದ್ರೆ ಅಮೋನಿಯಂ ಕ್ಲೋರೈಡ್, ಅದೂ ಫ್ಲಕ್ಸೇ. ಕಲಾಯಿಗೂ ನಮ್ಮ ಬೆಸುಗೆಗೂ ನಿಯಮ ಒಂದೇ: ಲೋಹ ಬೆತ್ತಲಾಗದೆ ತವರ ಹಿಡಿಯಲ್ಲ.

ಅಮ್ಮನೇ ಹುಣಸೆಹಣ್ಣು ತಂದುಕೊಟ್ಟಳು. ಮೊದಲು ಅದರಲ್ಲಿ ತಿಕ್ಕಿ ತೊಳೆದು, ಒಣಗಿಸಿ, ತಂತಿ ಬ್ರಷ್ಷು, ಆಮೇಲೆ ಎಮರಿ ಪೇಪರ್. ಹಿತ್ತಾಳೆ ಹೊಸ ಬಿಂದಿಗೆ ಹಾಗೆ ಹೊಳೆಯೋ ತನಕ. ಫ್ಲಕ್ಸ್ ಹಚ್ಚಿ, ಪಕ್ಕದ ಜಾಯಿಂಟುಗಳ ಮೇಲೆ ಒದ್ದೆ ಬಟ್ಟೆ ಹಾಸಿದೆವು. ಅವೂ ಬೆಸುಗೆಯವೇ. ಸಾಲ್ಡರ್ 190 ಡಿಗ್ರಿ ಹತ್ತಿರ ಕರಗುತ್ತೆ, ಒಂದನ್ನು ಮುಚ್ಚೋಕೆ ಹೋಗಿ ನಾಲ್ಕನ್ನು ಬಿಡಿಸಬಾರದಲ್ಲ. ಈ ಸಲ ತಂತಿ ಮುಟ್ಟಿಸಿದ ಕೂಡಲೇ ಸಾಲ್ಡರ್ ನೀರಿನ ಹಾಗೆ ಹರಿದು ಬಿರುಕಿನೊಳಗೆ ಇಳಿಯಿತು. ಹೊರಸಾಲಿನ ಕೊಳವೆಯದ್ದು ಎರಡು ಮೂರು ರೆಕ್ಕೆ ಬಾಗಿಸಿದ್ರೆ ಕೈಗೆ ಸಿಕ್ಕಿತು. ಒಳಸಾಲಿನದ್ದಾಗಿದ್ರೆ ಅಂಗಡಿಗೇ ಹೋಗಬೇಕಿತ್ತು.

ಈ ಸಾಲ್ಡರ್‌ನಲ್ಲಿ ಸೀಸ ಇದೆ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಿ. ಮಕ್ಕಳು ದೂರ ಇರಲಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ. ಉಳಿದ ಫ್ಲಕ್ಸ್ ಲೋಹವನ್ನು ತಿನ್ನುತ್ತೆ, ಅಡುಗೆ ಸೋಡಾ ನೀರಲ್ಲಿ ತೊಳೆದುಬಿಡಿ.

ಮತ್ತೆ ಬಿರಡೆ, ಮತ್ತೆ ಪಂಪು. 10 ಪಿಎಸ್‌ಐ. 15 ನಿಮಿಷ ಮೂವರೂ ಮುಳ್ಳನ್ನೇ ನೋಡ್ತಾ ಕೂತೆವು. ಅಲುಗಲಿಲ್ಲ.

*

ಹೊಸ ರಬ್ಬರ್ ಮೇಲೆ ಕೂರಿಸಿ, ಹೋಸ್ ಬಿಗಿದು, ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ನಿಧಾನ ಸುರಿದೆವು. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆ ಸ್ನಾನದ ನೀರು ಕಾಯಿಸೋ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟುತ್ತೆ. ತಣ್ಣಗಿದ್ದ ಇಂಜಿನ್ನನ್ನು ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟೆವು. ಗುಳ್ಳೆ ಬರುತ್ತೆ, ಅದು ಒಳಗೆ ಸಿಕ್ಕಿದ್ದ ಗಾಳಿ. 80 ಡಿಗ್ರಿ ಆಸುಪಾಸಿನಲ್ಲಿ ಥರ್ಮೋಸ್ಟಾಟ್ ತೆರೆದು ಮಟ್ಟ ಇಳಿಯಿತು. ತುಂಬಿಸಿ ಕ್ಯಾಪ್ ಹಾಕಿದೆವು. ಗುಳ್ಳೆ ನಿಲ್ಲದೆ ಬರ್ತಾನೇ ಇದ್ರೆ ಬೆಸುಗೆಯಿಂದ ಪ್ರಯೋಜನವಿಲ್ಲ, ಹೆಡ್ ಗ್ಯಾಸ್ಕೆಟ್ ನೋಡಿಸಿ.

ಅರ್ಧ ಗಂಟೆ ಕಣದಲ್ಲೇ ಮಣ್ಣು ಎತ್ತಿ ಹಾಕಿದ ಅಣ್ಣ. ಆಮೇಲೆ ಕೆಳಗೆ ಒಣ ರಟ್ಟು ಹಾಸಿದೆವು. ಸಂಜೆ ತನಕ ಒಂದು ಹನಿ ಕಲೆ ಇಲ್ಲ.

ರಾತ್ರಿ ಸ್ಟೇಷನ್‌ಗೆ ಬಿಡೋಕೆ ಬಂದಾಗ, “ಇನ್ನು ಮೇಲೆ ಎಲ್ಲ ಹೇಳಬೇಕು, ಸುಟ್ಟರೆ ಸುಟ್ಟಿತು ಅಂತ” ಅಂದೆ.

“ನೀನೂ ಹೇಳು. ಹೋದ ತಿಂಗಳು ಆಫೀಸಲ್ಲಿ ಅರ್ಧ ಜನರನ್ನ ತೆಗೆದ್ರಂತೆ. ನಿನ್ನ ಫ್ರೆಂಡ್ ಅಮ್ಮನಿಗೆ ಫೋನಲ್ಲಿ ಹೇಳಿದ್ಲು. ನೀನು ‘ಎಲ್ಲ ಚೆನ್ನಾಗಿದೆ’ ಅಂತಿದ್ದೆ.”

ಟ್ರೇನ್ ಬಂತು. ಒಳ್ಳೇದಾಯ್ತು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೋಮವಾರ ಹನ್ನೊಂದೂವರೆಗೆ ಮೀಟಿಂಗ್ ನಡುವೆ ವಾಟ್ಸ್‌ಆ್ಯಪ್‌ಗೆ ಒಂದು ಫೋಟೋ ಬಂತು. ಅಡಿಕೆ ತೋಟ, ಅರ್ಧ ತೆಗೆದ ಬಸಿಗಾಲುವೆ, ಹಸಿರಿನಲ್ಲಿ ನಿಂತ ಟೆಂಪರೇಚರ್ ಮುಳ್ಳು. ಮೂಲೆಯಲ್ಲಿ ಸ್ಟೀರಿಂಗ್ ಹಿಡಿದ ಅಣ್ಣನ ಬಲಗೈ. ತೋಳು ಮೊಣಕೈ ತನಕ ಮಡಚಿತ್ತು.

ನಾನು ಮೀಟಿಂಗಿನಿಂದ ಹೊರಗೆ ಬಂದು ಫೋನ್ ಮಾಡಿದೆ. ಆಫೀಸಿನ ವಿಷಯ ಎಲ್ಲ ಹೇಳಿದೆ.